ಆನೈಕಟ್ಟಿಯ ಕುರುಚಲು ಕಾಡಿನಲ್ಲಿ ಹಾವುರಾಣಿ ಹುಡುಕುತ್ತಾ

ಹೊಸ ಜೀವಿ ಸಿಗುವುದು ಅಂದರೆ ಜಿಗಣೆ ಹತ್ತುವ ದಟ್ಟ ಮಳೆಕಾಡಿನಲ್ಲೇ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಅಂಥವರು ಒಮ್ಮೆ ಆನೈಕಟ್ಟಿಗೆ ಹೋಗಬೇಕು. ಕೊಯಮತ್ತೂರು ಬಿಟ್ಟು ತಡಾಗಂ, ಮಾಂಗರೈ ದಾಟಿ ಕೇರಳದ ಗಡಿಯ ತನಕ ಹೋದರೆ ಸಿಗುವ ಊರು. ನೀಲಗಿರಿ ಬೆಟ್ಟಸಾಲು ಪಕ್ಕದಲ್ಲೇ ಇದ್ದರೂ ಇಲ್ಲಿ ಮಳೆ ಕಮ್ಮಿ, ಮುಳ್ಳುಕಂಟಿ ಜಾಸ್ತಿ. 2021ರಲ್ಲಿ ಹೊಸ ಪ್ರಭೇದ ಎಂದು ಪ್ರಕಟವಾದ ಸಬ್‌ಡೊಲುಸೆಪ್ಸ್ ನೀಲಗಿರಿಯೆನ್ಸಿಸ್ ಎಂಬ ಹಾವುರಾಣಿ ಸಿಕ್ಕಿದ್ದು ಇಂಥ ಒಣ ನೆಲದಲ್ಲಿ. ಅದರ ಊರು ನೋಡಬೇಕು ಅಂತಲೇ, ಸರೀಸೃಪಗಳ ಬಗ್ಗೆ ಓದುತ್ತಿರುವ ಗೆಳೆಯನ ಜೊತೆ ಹೊರಟೆ.

ಬೆಳಿಗ್ಗೆ ಬಿಸಿಲು ಏರುವ ಮೊದಲೇ ಶುರು. ಕಲ್ಲು ಎತ್ತುವುದಕ್ಕೂ ಒಂದು ಕ್ರಮ ಇದೆ: ಆಚೆ ಬದಿಯ ಅಂಚು ಹಿಡಿದು ನಮ್ಮ ಕಡೆಗೆ ಎತ್ತಬೇಕು, ಅಡಿಯಲ್ಲಿ ಹಾವೋ ಚೇಳೋ ಇದ್ದರೆ ನಮ್ಮ ಕಾಲಿಗೂ ಅದಕ್ಕೂ ಮಧ್ಯೆ ಕಲ್ಲು ಇರುತ್ತದೆ. ನೋಡಿ ಆದ ಮೇಲೆ ಇದ್ದ ಹಾಗೇ ಇಡಬೇಕು. ಇದನ್ನು ದಯವಿಟ್ಟು ಮರೆಯಬೇಡಿ, ಆ ತಂಪು ಒಂದು ಜೀವದ ಮನೆ.

ಮೊದಲು ಕಂಡಿದ್ದು ನಮ್ಮ ತೋಟಗಳಲ್ಲೂ ಓಡಾಡುವ ಯೂಟ್ರೋಪಿಸ್ ಕ್ಯಾರಿನೇಟ ಎಂಬ ಹಾವುರಾಣಿ. ಕಂಚಿನ ಬಣ್ಣದ ಬೆನ್ನು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದರೆ ಒಂದೊಂದು ಹುರುಪೆಯ ಮೇಲೂ ಉದ್ದಕ್ಕೆ ಸಣ್ಣ ಏಣುಗಳು. ಹಿಡಿಯಲಿಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಇದಕ್ಕೆ ವಿಷ ಇದೆ ಅಂತ ಹೊಡೆದು ಹಾಕುವವರು ಈಗಲೂ ಇದ್ದಾರೆ, ಅದು ಸುಳ್ಳು.

ಬಿಸಿಲೇರಿದ ಮೇಲೆ ಒಣ ಎಲೆಗಳ ನಡುವೆ ಇನ್ನೊಂದು ಸುಳಿಯಿತು. ತೆಳ್ಳಗೆ, ಮರಳಿನ ಬಣ್ಣ, ಕಾಲು ಚಿಕ್ಕವು. ಒಂದು ಫೋಟೋ ತೆಗೆಯುವಷ್ಟರಲ್ಲಿ ಮಣ್ಣಿನ ಸಂದಿಗೆ ನುಗ್ಗಿತು. "ಅದೇ ಅಲ್ವಾ?" ಅಂದೆ. ಗೆಳೆಯ ಫೋಟೋವನ್ನು ತುಂಬಾ ಹೊತ್ತು ನೋಡಿ, "ಇಷ್ಟರಲ್ಲಿ ಹೇಳೋಕೆ ಆಗಲ್ಲ ಕಣೋ" ಅಂದ. ನನಗೆ ಅವನ ಆ ಮಾತು ಇಷ್ಟವಾಯಿತು.

ಯಾಕೆಂದರೆ ಹಾವುರಾಣಿಗಳಲ್ಲಿ ಬಣ್ಣ ನಂಬಿಕೊಂಡರೆ ಕೆಟ್ಟೆವು. ಮೈ ಸುತ್ತ ಎಷ್ಟು ಸಾಲು ಹುರುಪೆ, ಕುತ್ತಿಗೆಯಿಂದ ಬಾಲದ ಬುಡದ ತನಕ ಎಷ್ಟು, ಹಿಂಗಾಲಿನ ನಾಲ್ಕನೇ ಬೆರಳಿನ ಅಡಿಯಲ್ಲಿ ಎಷ್ಟು ಪಟ್ಟಿ, ಕೆಳರೆಪ್ಪೆಯಲ್ಲಿ ಹುರುಪೆ ಇದೆಯೋ ಇಲ್ಲ ಪಾರದರ್ಶಕ ಕಿಟಕಿಯೋ, ತಲೆಯ ಮೇಲಿನ ಫಲಕಗಳು ಒಂದಕ್ಕೊಂದು ತಾಗುತ್ತವೋ ಇಲ್ಲವೋ, ಇದೆಲ್ಲವನ್ನೂ ಸೂಕ್ಷ್ಮದರ್ಶಕದ ಕೆಳಗೆ ಎಣಿಸಬೇಕು. ಉದ್ದ ಅಳೆಯುವುದು ಮೂತಿಯಿಂದ ಗುದದ್ವಾರದ ತನಕ ಮಾತ್ರ, ಬಾಲ ಮುರಿದು ಮತ್ತೆ ಬೆಳೆಯುತ್ತದಲ್ಲ, ಅದರ ಲೆಕ್ಕ ನೆಚ್ಚುವಂತಿಲ್ಲ. ಆಮೇಲೆ ಡಿಎನ್‌ಎ. ಅದೂ ಆದ ಮೇಲೆ, ನೂರಾರು ವರ್ಷ ಹಿಂದೆ ಹೆಸರಿಟ್ಟವರು ಸಂಗ್ರಹಾಲಯದಲ್ಲಿ ಇಟ್ಟ ಮೂಲ ಮಾದರಿಗಳನ್ನು ಹುಡುಕಿ ಹೋಲಿಸಬೇಕು, ಇಲ್ಲದಿದ್ದರೆ ಹಳೆಯ ಪ್ರಾಣಿಗೇ ಎರಡನೇ ಹೆಸರು ಬೀಳುತ್ತದೆ. ಕೊನೆಗೆ ಒಂದು ಮಾದರಿಯನ್ನು ಹೋಲೋಟೈಪ್, ಅಂದರೆ ಆ ಹೆಸರಿಗೆ ಆಧಾರವಾದ ಮೂಲ ಮಾದರಿ, ಎಂದು ಗೊತ್ತು ಮಾಡಿ, ವಿವರಣೆ ಬರೆದು ಪ್ರಕಟಿಸಿದಾಗ ಮಾತ್ರ ಆ ಹೆಸರಿಗೆ ಮಾನ್ಯತೆ. ಆನೈಕಟ್ಟಿಯ ಈ ಹಾವುರಾಣಿಯ ಹತ್ತಿರದ ನೆಂಟ ಪೂರ್ವಘಟ್ಟದ ಸಬ್‌ಡೊಲುಸೆಪ್ಸ್ ಪೃಥಿ ಅಂತ ತಿಳಿದಿದ್ದು ಇಂಥ ಕೆಲಸದಿಂದಲೇ. ಸಬ್‌ಡೊಲುಸೆಪ್ಸ್ ಎಂಬ ಈ ಕುಲವನ್ನೇ ಬೇರೆ ಮಾಡಿದ್ದು 2019ರಲ್ಲಿ, ಅದಕ್ಕೆ ಮುಂಚೆ ಇವೆಲ್ಲ ಲೈಗೋಸೋಮಾ ಎಂಬ ಕುಲದಲ್ಲಿ ಸೇರಿಕೊಂಡಿದ್ದವು.

ವಾಪಸ್ ಬರುವಾಗ ತಡಾಗಂ ಕಣಿವೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದೆ, ಇಟ್ಟಿಗೆಗೆ ಅಂತ ಕೆಂಪು ಮಣ್ಣು ಅಗೆದು ಬಿಟ್ಟ ದೊಡ್ಡ ದೊಡ್ಡ ಗುಂಡಿಗಳು. ಕಾಡು ಕಡಿದರೆ ಕೂಗುವ ನಾವು ಕುರುಚಲು ನೆಲ ಅಗೆದರೆ ಸುಮ್ನೆ ಇರುತ್ತೇವೆ, ಬಂಜರು ಅಂತ ಕರೆದು ಬಿಡುತ್ತೇವೆ. ಒಂದಿಡೀ ಪ್ರಭೇದ 2021ರ ತನಕ ಹೆಸರೇ ಇಲ್ಲದೆ ಬದುಕಿದ್ದು ಆ ಬಂಜರಿನಲ್ಲೇ. ಗೆಳೆಯ ಈಗ ಅನುಮತಿಗೆ ಅರ್ಜಿ ಬರೆಯುತ್ತಿದ್ದಾನೆ. ಸಿಕ್ಕರೆ ಮಳೆಗಾಲದಲ್ಲಿ ಮತ್ತೆ ಹೋಗುತ್ತೇವೆ, ಈ ಸಲ ಹುರುಪೆ ಎಣಿಸುವುದಕ್ಕೆ.