ಕೋಡ್ ಸರಿ ಐತಿ, ಗಾಡಿ ಯಾಕ ಓಡವಲ್ದು?

ಏಪ್ರಿಲ್ ಬಂತಂದರೆ ಗದಗಿನಲ್ಲೂ ರೊಬೊಟಿಕ್ಸ್ ಶಿಬಿರಗಳ ಪಾಂಪ್ಲೆಟ್ ಹಾರಾಡುತ್ತವೆ. ಕೆಲವನ್ನು ಹೋಗಿ ನೋಡಿದ್ದೇನೆ. ಕೋಡ್ ಮೊದಲೇ ಬರೆದಿಟ್ಟಿರುತ್ತಾರೆ. ಮಕ್ಕಳು ಸ್ಕ್ರೂ ತಿರುವಿ, ಅಪ್‌ಲೋಡ್ ಒತ್ತಿ, ಸರ್ಟಿಫಿಕೇಟ್ ಹಿಡಿದು ಫೋಟೊಕ್ಕೆ ನಿಲ್ಲುತ್ತಾರೆ. ವಾರದೊಳಗೆ ಗಾಡಿ ಅಟ್ಟ ಸೇರುತ್ತದೆ.

ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು ನಾನು. ರಜೆಯಲ್ಲಿ ಬೆಟಗೇರಿಯ ಹೈಸ್ಕೂಲ್ ಮಕ್ಕಳನ್ನು ಕೂಡಿಸಿಕೊಂಡಾಗ ನನ್ನದು ಒಂದೇ ಹಟ: ಗಾಡಿ ಕೆಟ್ಟರೆ ನಾನು ಕೈ ಹಾಕುವುದಿಲ್ಲ.

ಬಿಳಿ ಚಾರ್ಟಿನ ಮೇಲೆ ಕರಿ ಇನ್ಸುಲೇಷನ್ ಟೇಪು, ಅದರ ಗುಂಟ ಓಡಬೇಕಾದ ಗಾಡಿ. ಕೋಡ್ ಓಡಿಸಲು ಆರ್ಡುಯಿನೊ ಊನೊ ಬೋರ್ಡು (ಅಂಗೈಯಗಲದ ಪುಟ್ಟ ಕಂಪ್ಯೂಟರ್ ಅನ್ನಿ), ಗಾಲಿ ತಿರುಗಿಸಲು ಹಳದಿ ಬಿಒ ಮೋಟರ್ ಎರಡು, ಬೋರ್ಡಿನ ಮಾತು ಕೇಳಿ ಮೋಟರಿಗೆ ಕರೆಂಟ್ ಕೊಡುವ ಎಲ್298ಎನ್ ಡ್ರೈವರ್, ಹೊಟ್ಟೆಯ ಕೆಳಗೆ ಟೇಪಿನ ಅಕ್ಕಪಕ್ಕ ಎರಡು ಐಆರ್ (ಇನ್‌ಫ್ರಾರೆಡ್) ಸೆನ್ಸರ್. ಸೆನ್ಸರ್ ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ, ಅದು ತಿರುಗಿ ಬಂದರೆ ಬಿಳಿ, ಬರದಿದ್ದರೆ ಕಪ್ಪು. ಎಡ ಸೆನ್ಸರಿಗೆ ಕಪ್ಪು ಕಂಡರೆ ಎಡ ಮೋಟರ್ ನಿಲ್ಲಬೇಕು, ಬಲಕ್ಕೆ ಕಂಡರೆ ಬಲದ್ದು. ಕೋಡ್ ಅಂದರೆ ಇಷ್ಟೇ.

"ಟೀಚರ್, ಕೋಡ್ ಸರಿ ಐತ್ರೀ, ಗಾಡಿ ಓಡವಲ್ದು." ಗುಂಪಿಗೆ ಗುಂಪೇ ಕೋಡ್ ತಿದ್ದುತ್ತ ಕೂತಿತ್ತು. ಒಬ್ಬ ಹುಡುಗಿ ಮಾತ್ರ ನೆಲಕ್ಕೆ ಬಗ್ಗಿ ಬೋರ್ಡನ್ನೇ ನೋಡುತ್ತಿದ್ದಳು. "ಮೋಟರ್ ತಿರುಗಾಕ ಹತ್ತಿದ ಕೂಡ್ಲೇ ಈ ಎಲ್ ಅಂತ ಬರದಿದ್ದ ಲೈಟ್ ಮಿಣಮಿಣ ಅಂತೈತ್ರೀ."

ಕೈಗೆ ಮಲ್ಟಿಮೀಟರ್ ಕೊಟ್ಟೆ. ಬ್ಯಾಟರಿಯ ವೋಲ್ಟೇಜ್ ಅಳೆದಳು. ಮೋಟರ್ ನಿಂತಾಗ ಹತ್ತಿರಹತ್ತಿರ 9 ವೋಲ್ಟ್. ತಿರುಗಲು ಹೊರಟಾಗ ಅಂಕಿ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಪ್ರತಿ ಸಲ ಬೋರ್ಡು ಸತ್ತು ಹುಟ್ಟುತ್ತಿತ್ತು, ಆ ದೀಪ ಅದರ ಗುರುತು. ಗಾಡಿಗೆ ಹಾಕಿದ್ದ ಚೌಕದ 9 ವೋಲ್ಟ್ ಬ್ಯಾಟರಿ ಸ್ವಲ್ಪ ಕರೆಂಟನ್ನು ಬಹಳ ದಿನ ಕೊಡಲು ಇರುವಂಥದ್ದು (ಆ ಮಲ್ಟಿಮೀಟರಿನ ಒಳಗೂ ಅದೇ ಇತ್ತು). ಮೋಟರು ಹೊರಡುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಮೇಲಿಂದ ಡ್ರೈವರ್ರೇ ಸುಮಾರು 2 ವೋಲ್ಟ್ ನುಂಗುತ್ತದೆ. ಅದರ ಬದಲು ಜಾಸ್ತಿ ಕರೆಂಟ್ ಕೊಡಬಲ್ಲ, ಚಾರ್ಜ್ ಮಾಡುವ 18650 ಲಿಥಿಯಂ ಸೆಲ್ ಎರಡು ಜೋಡಿಸಿದರು, ಓಡಿತು.

ಮಧ್ಯಾಹ್ನ ಮತ್ತೆ ರಗಳೆ. ಕಿಟಕಿಯ ಬಿಸಿಲು ಬಿದ್ದ ಜಾಗದಲ್ಲೇ ಗಾಡಿ ದಾರಿ ತಪ್ಪುತ್ತಿತ್ತು. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುತ್ತದೆ, ಸೆನ್ಸರಿಗೆ ಕರಿ ಟೇಪೂ ಬಿಳಿಯಾಗಿ ಕಾಣುತ್ತದೆ. ಕಿಟಕಿ ಮುಚ್ಚೋಣವೆಂದರೆ ಕರೆಂಟಿಲ್ಲ, ಫ್ಯಾನಿಲ್ಲ, ಗದಗಿನ ಬ್ಯಾಸಗಿ! ನೇಕಾರರ ಮನೆಯ ಹುಡುಗನೊಬ್ಬ ಮನೆಗೆ ಓಡಿ ವಿನ್ಯಾಸ ನೇಯುವ ಜಕಾರ್ಡ್ ಮಗ್ಗದ ಹಳೇ ತೂತಿನ ರಟ್ಟಿನ ಪಟ್ಟಿ ತಂದ. ತೂತುಗಳಿಗೆ ಟೇಪು ಹಚ್ಚಿ, ಸೆನ್ಸರಿನ ಸುತ್ತ ಲಂಗ ಕಟ್ಟಿದ ಹಾಗೆ ಅಂಟಿಸಿದ. ಮಗ್ಗದಲ್ಲಿ ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಇಲ್ಲ ಎಂದು ಉಳಿದವರಿಗೆ ಅವನೇ ವಿವರಿಸಿದ. ಮಗ್ಗಕ್ಕೆ ಆ ರಟ್ಟೇ ಪ್ರೋಗ್ರಾಮ್. ಪ್ರೋಗ್ರಾಮಿಂಗ್ ಬಗ್ಗೆ ನಾನು ಬರೆದಿಟ್ಟುಕೊಂಡಿದ್ದ ಪಾಠ ಚೀಲದಲ್ಲೇ ಉಳಿಯಿತು.

ದಸರಾ ರಜೆಗೆ ಶಿಬಿರ ಮಾಡುವವರಿಗೆ ಒಂದೆರಡು ಮಾತು. "ಡೂಪ್ಲಿಕೇಟ್ ಬೋರ್ಡ್ ಏನ್ರೀ?" ಎಂದು ಬೇರೆಯವರು ಮಾಡಿದ ಅಗ್ಗದ ಬೋರ್ಡು ಕಂಡ ಪಾಲಕರು ಕೇಳಿಯೇ ಕೇಳುತ್ತಾರೆ. 2005ರಲ್ಲಿ ಇಟಲಿಯಲ್ಲಿ ಶುರುವಾದ ಆರ್ಡುಯಿನೊದ ವಿನ್ಯಾಸ ಎಲ್ಲರಿಗೂ ಮುಕ್ತ, ಹೆಸರು ಮಾತ್ರ ಆ ಕಂಪನಿಯದು. ಅಗ್ಗದ ಬೋರ್ಡೇ ಕೊಳ್ಳಿ. ಅದರಲ್ಲಿ ಯುಎಸ್‌ಬಿಗೆ ಹೆಚ್ಚಾಗಿ ಸಿಎಚ್340 ಚಿಪ್ ಇರುತ್ತದೆ, ಅದನ್ನು ಲ್ಯಾಪ್‌ಟಾಪ್ ಗುರುತಿಸಲು ಬೇಕಾದ ಡ್ರೈವರ್ ಸಾಫ್ಟ್‌ವೇರನ್ನು ಪೆನ್‌ಡ್ರೈವಿನಲ್ಲಿ ಮೊದಲೇ ಹಾಕಿಟ್ಟುಕೊಳ್ಳಿ, ಇಲ್ಲವಾದರೆ ಮೊದಲ ದಿನ ಲ್ಯಾಪ್‌ಟಾಪಿಗೇ ಬಲಿ. ಉಳಿದ ದುಡ್ಡಿನಲ್ಲಿ ಗುಂಪಿಗೊಂದು ಮಲ್ಟಿಮೀಟರ್.