ಬೆಳಗಿದ್ದೆಲ್ಲ ಕಂಡೆನ್ಸೇಟ್ ಅಲ್ಲ

ಬೆಳಕು ಮತ್ತು ವಸ್ತು ಬೆರೆತ ಕಣಗಳಾದ ಪೋಲಾರಿಟಾನ್‌ಗಳ ಲ್ಯಾಬಿಗೆ ಹೊಸದಾಗಿ ಸೇರಿದವರು ಬೇಗನೆ ಬೀಳುವ ಗುಂಡಿ ಇದು. ಪಂಪ್ ಲೇಸರ್‌ನ ಪವರ್ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಸ್ಯಾಂಪಲ್ ಥಟ್ಟನೆ ಬೆಳಗುತ್ತದೆ, ರೋಹಿತದ ಗೆರೆ ಸಣ್ಣಗಾಗುತ್ತದೆ. ಕಂಡೆನ್ಸೇಟ್ (ಅಪಾರ ಕಣಗಳು ಒಂದೇ ಕ್ವಾಂಟಮ್ ಸ್ಥಿತಿಗೆ ಸೇರಿದ ಗುಂಪು) ಸಿಕ್ಕಿತೆಂದು ಲಾಗ್‌ಬುಕ್ಕಿನಲ್ಲಿ ಬರೆದೇ ಬಿಡುತ್ತಾರೆ. ಮಾಮೂಲಿ ಲೇಸರ್ ಶುರುವಾದರೂ ಕಾಣುವುದು ಇವೇ ಎರಡು ಲಕ್ಷಣ.

ಎರಡು ಕನ್ನಡಿಗಳ ನಡುವೆ ಸಿಕ್ಕಿಬಿದ್ದ ಬೆಳಕು ಕ್ವಾಂಟಮ್ ವೆಲ್‌ನ (ಅರೆವಾಹಕದ ತೆಳು ಪದರದ) ಎಕ್ಸಿಟಾನ್, ಅಂದರೆ ಎಲೆಕ್ಟ್ರಾನ್ ಮತ್ತು ರಂಧ್ರದ ಜೋಡಿಯ ಜೊತೆ ಬೆರೆತಾಗ ಪೋಲಾರಿಟಾನ್ ಹುಟ್ಟುತ್ತದೆ. ಅರೆವಾಹಕದಲ್ಲಿ ಈ ಬೆರಕೆಯನ್ನು 1992ರಲ್ಲಿ ವೈಸ್‌ಬುಕ್ ಮತ್ತು ಸಂಗಡಿಗರು ತೋರಿಸಿದರು. ಕ್ಯಾಡ್ಮಿಯಂ ಟೆಲ್ಯುರೈಡ್‌ನಲ್ಲಿ ಕಂಡೆನ್ಸೇಟ್ ಬಂದದ್ದು 2006ರಲ್ಲಿ. ಬೆರಕೆ ಉಳಿದಿದ್ದರೆ ಮಾತ್ರ ಅದು ಪೋಲಾರಿಟಾನ್ ದ್ರವ. ಪಂಪ್ ಹೆಚ್ಚಾದರೆ ಎಕ್ಸಿಟಾನ್‌ಗಳು ಕಿಕ್ಕಿರಿದು ಬೆರಕೆ ಮುರಿಯುತ್ತದೆ, ಉಳಿಯುವುದು ಬರೀ ಬೆಳಕು.

ಆದ್ದರಿಂದ ಮೊದಲ ಕೆಲಸ, ಕಡಿಮೆ ಪವರ್‌ನಲ್ಲೇ ಡಿಸ್ಪರ್ಷನ್ ವಕ್ರವನ್ನು (ಆವೇಗದೊಂದಿಗೆ ಶಕ್ತಿ ಹೇಗೆ ಬದಲಾಗುತ್ತದೆ ಎಂಬ ಗೆರೆ) ಸರಿಯಾಗಿ ಅಳೆದಿಡುವುದು. ಆಬ್ಜೆಕ್ಟಿವ್‌ನ ಹಿಂದಿನ ಫೋಕಲ್ ಪ್ಲೇನನ್ನು ಸ್ಪೆಕ್ಟ್ರೋಮೀಟರ್ ಸೀಳಿನ ಮೇಲೆ ಮೂಡಿಸಿ; ಅಲ್ಲಿ ಬೆಳಕು ಹೊರಟ ಕೋನ, ಅಂದರೆ ಆವೇಗ, ಜಾಗವಾಗಿ ಕಾಣುತ್ತದೆ. ಈ ಆವೇಗದ ಅಕ್ಷದ ಅಳತೆಗೆ ಆಬ್ಜೆಕ್ಟಿವ್‌ನ ಅಂಚೇ ಸಾಕು: ನ್ಯೂಮರಿಕಲ್ ಅಪರ್ಚರ್ 0.5, ತರಂಗದೂರ 780 ನ್ಯಾನೊಮೀಟರ್ ಇದ್ದರೆ ಅಂಚು ಎಂದರೆ 30 ಡಿಗ್ರಿ, ಅಂದರೆ ಮೈಕ್ರೊಮೀಟರಿಗೆ 4.03 ರೇಡಿಯನ್. ಸ್ಯಾಂಪಲ್‌ನ ದಪ್ಪ ಸಾಮಾನ್ಯವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓರೆಯಾಗಿ ಬದಲಾಗುತ್ತದೆ. ಹತ್ತು ಹದಿನೈದು ಜಾಗಗಳಲ್ಲಿ ಪ್ರತಿಫಲನ ಅಳೆದು, ಮೇಲಿನ ಮತ್ತು ಕೆಳಗಿನ ಪೋಲಾರಿಟಾನ್‌ನ ಎರಡು ಗೆರೆಗಳು ಒಂದನ್ನೊಂದು ದಾಟದೆ ದೂರ ಸರಿಯುವುದನ್ನು ಗುರುತಿಸಿ. ಅತಿ ಕಡಿಮೆ ಅಂತರವೇ ರಾಬಿ ಸ್ಪ್ಲಿಟಿಂಗ್.

ಅದು 10 ಮಿಲಿ ಎಲೆಕ್ಟ್ರಾನ್ ವೋಲ್ಟ್ ಎಂದಿಟ್ಟುಕೊಳ್ಳಿ. ಡಿಟ್ಯೂನಿಂಗ್ (ಬರಿಯ ಬೆಳಕು ಮತ್ತು ಎಕ್ಸಿಟಾನ್ ಶಕ್ತಿಗಳ ಅಂತರ) ಸೊನ್ನೆ ಇರುವ ಜಾಗದಲ್ಲಿ ಬರಿಯ ಬೆಳಕಿನ ಮಟ್ಟ, ಕೆಳ ಪೋಲಾರಿಟಾನ್‌ನಿಂದ 5 ಮಿಲಿ ಎಲೆಕ್ಟ್ರಾನ್ ವೋಲ್ಟ್ ಮೇಲಿರುತ್ತದೆ. ಹೊಸ್ತಿಲು ದಾಟಿದ ಮೇಲೆ ಗೆರೆ 0.5ರಷ್ಟು ಮೇಲೇರಿದರೆ ನಿಶ್ಚಿಂತೆ. 5ರ ಹತ್ತಿರ ಹೋಗಿ ಕೂತರೆ, ವಕ್ರವೂ ಮೊದಲಿಗಿಂತ ಎರಡು ಪಟ್ಟು ಕಡಿದಾಗಿದ್ದರೆ, ಅದು ಫೋಟಾನ್ ಲೇಸರ್.

ಶಾಖ ಈ ಲೆಕ್ಕವನ್ನೇ ಕೆಡಿಸುತ್ತದೆ. ಸ್ಯಾಂಪಲ್ ಬಿಸಿಯಾದರೆ ಎಕ್ಸಿಟಾನ್ ಶಕ್ತಿ ಇಳಿದು, ಮೇಲೇರಬೇಕಾದ ಗೆರೆಯನ್ನು ಕೆಳಗೆ ಎಳೆಯುತ್ತದೆ. ಡಿಟ್ಯೂನಿಂಗ್ ಕೂಡ ಸದ್ದಿಲ್ಲದೆ ಬದಲಾಗುತ್ತದೆ. ಸ್ಯಾಂಪಲ್ ತಂಪಾಗಿಡುವ ಕ್ರಯೋಸ್ಟಾಟ್ 5 ಕೆಲ್ವಿನ್ ತೋರಿಸಿದರೂ ನಂಬಬೇಡಿ, ಅದು ತಾಮ್ರದ ಹಿಡಿಯ ತಾಪ. ಅಕೌಸ್ಟೋ-ಆಪ್ಟಿಕ್ ಮಾಡ್ಯುಲೇಟರ್ ಹಾಕಿ ಪಂಪನ್ನು ನೂರರಲ್ಲಿ ಒಂದರಿಂದ ಐದು ಪಾಲು ಸಮಯ ಮಾತ್ರ ತೆರೆದಿಡಿ. ಆ ಪಾಲನ್ನು ಅರ್ಧ ಮಾಡಿದಾಗ ಗೆರೆ ಜಾಗ ಬದಲಿಸಿದರೆ ಶಾಖ ಇನ್ನೂ ಇದೆ ಎಂದರ್ಥ. ಪಂಪ್ ತರಂಗದೂರವನ್ನು ಕನ್ನಡಿಯ ಸ್ಟಾಪ್‌ಬ್ಯಾಂಡ್‌ನ (ಕನ್ನಡಿ ಬೆಳಕನ್ನು ಬಲವಾಗಿ ಪ್ರತಿಫಲಿಸುವ ಪಟ್ಟಿ) ನೀಲಿ ಬದಿಯಲ್ಲಿ ಪ್ರತಿಫಲನದ ಮೊದಲ ತಗ್ಗಿಗೆ ಹೊಂದಿಸಿ. ಇಲ್ಲದಿದ್ದರೆ ಬಹುಪಾಲು ಬೆಳಕು ಪ್ರತಿಫಲಿಸಿ ವ್ಯರ್ಥ.

ಪಂಪ್ ಚುಕ್ಕೆಯ ಗಾತ್ರವನ್ನು ಬರೆದಿಡದ ಡೇಟಾ ನನ್ನ ಮಟ್ಟಿಗೆ ಅರ್ಧ ಡೇಟಾ. 2 ಮೈಕ್ರೊಮೀಟರ್ ಚುಕ್ಕೆಯಲ್ಲಿ ಎಕ್ಸಿಟಾನ್ ಗುಂಪು ಗುಡ್ಡದಂತೆ ನಿಂತು ಪೋಲಾರಿಟಾನ್‌ಗಳನ್ನು ಹೊರಗೆ ತಳ್ಳುತ್ತದೆ. ಆವೇಗದ ಚಿತ್ರದಲ್ಲಿ ಬಳೆ ಕಾಣುತ್ತದೆ. 20 ಮೈಕ್ರೊಮೀಟರ್ ಚುಕ್ಕೆಯಲ್ಲಿ ಅದೇ ದ್ರವ ನಡುವೆ, ಸೊನ್ನೆ ಆವೇಗದಲ್ಲಿ ನಿಲ್ಲುತ್ತದೆ. ಗೆರೆ ಮೇಲೇರುವುದಕ್ಕೂ ಹೆಚ್ಚಿನ ಪಾಲು ಆ ಗುಡ್ಡವೇ ಕಾರಣ. ಇಡೀ ಏರಿಕೆಯನ್ನು ಪೋಲಾರಿಟಾನ್‌ಗಳ ಪರಸ್ಪರ ವಿಕರ್ಷಣೆಯ ಲೆಕ್ಕಕ್ಕೆ ಬರೆದರೆ ವಿಕರ್ಷಣೆಯ ಬಲ ವಿಪರೀತ ದೊಡ್ಡದಾಗಿ ಬರುತ್ತದೆ.

ಸೂಪರ್‌ಫ್ಲೂಯಿಡ್ (ತಡೆಯೇ ಇಲ್ಲದ) ಹರಿವು ನೋಡಬೇಕಿದ್ದರೆ ಗುಡ್ಡವೇ ಬೇಡ; ಲೇಸರನ್ನು ಪೋಲಾರಿಟಾನ್ ಶಕ್ತಿಗೇ ಹೊಂದಿಸಿ ಓರೆಯಾಗಿ ಹಾಯಿಸಿ. ಪೋಲಾರಿಟಾನ್‌ನ ದ್ರವ್ಯರಾಶಿ ಎಲೆಕ್ಟ್ರಾನ್‌ನ ಲಕ್ಷದಲ್ಲಿ ಐದು ಪಾಲು, ಪರಸ್ಪರ ವಿಕರ್ಷಣೆಯ ಶಕ್ತಿ 0.5 ಮಿಲಿ ಎಲೆಕ್ಟ್ರಾನ್ ವೋಲ್ಟ್ ಎಂದರೆ ಆ ದ್ರವದಲ್ಲಿ ಶಬ್ದದ ವೇಗ ಪಿಕೊಸೆಕೆಂಡಿಗೆ 1.3 ಮೈಕ್ರೊಮೀಟರ್. ಹರಿವು ಅದಕ್ಕಿಂತ ನಿಧಾನವಿರಬೇಕು, ಅಂದರೆ ಕೋನ 4 ಡಿಗ್ರಿಯೊಳಗೆ. ಸಾಂದ್ರತೆ ಕಡಿಮೆಯಿದ್ದಾಗ ಸ್ಯಾಂಪಲ್‌ನ ದೋಷಕ್ಕೆ ಬಡಿದು ಚದುರಿದ ಬೆಳಕು ಆವೇಗದ ಚಿತ್ರದಲ್ಲಿ ಬಳೆಯಾಗಿರುತ್ತದೆ. ಪವರ್ ಏರಿಸಿದಂತೆ ಬಳೆ ಮಾಯವಾಗಬೇಕು.

ಈ ದ್ರವದಲ್ಲಿ ಸುಳಿ ಹುಡುಕುವಾಗ ರೆಟ್ರೊರಿಫ್ಲೆಕ್ಟರ್ (ಚಿತ್ರವನ್ನು ತಿರುಗಿಸಿ ಹಿಂದಿರುಗಿಸುವ ಕನ್ನಡಿ) ಇರುವ ಮೈಕೆಲ್ಸನ್ ಇಂಟರ್‌ಫೆರೋಮೀಟರ್ ಬಳಸಿದರೆ ಪ್ರತಿ ಸುಳಿಗೂ ವ್ಯತಿಕರಣದ ಪಟ್ಟೆಗಳಲ್ಲಿ ಎರಡು ಕವಲು ಕಾಣುತ್ತವೆ. ಚಿತ್ರ ತನ್ನದೇ ತಿರುಗಿದ ಪ್ರತಿಯ ಮೇಲೆ ಕೂತಿರುತ್ತದೆ, ಎದುರಿನ ಕವಲು ಅದರ ಪ್ರತಿಬಿಂಬ. ಅದನ್ನು ಜೋಡಿ ಸುಳಿ ಎಂದು ಎಣಿಸಬೇಡಿ.