ಹಿತ್ತಲಿನ ಗ್ರಿಲ್ ಮೇಲೆ ಟೆಕ್ಸಸ್ ಚಿಲಿ

ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ಒಂದು ಶನಿವಾರ ಹಿತ್ತಲಿಗೆ ಕರೆದರು. ಇದ್ದಿಲ ಗ್ರಿಲ್ ಮೇಲೆ ಹೊಗೆ ಹಿಡಿಸಿ ಚಿಲಿ ಮಾಡೋದನ್ನು ತೋರಿಸ್ತೀನಿ ಅಂದಿದ್ದರು. ಚಿಲಿ ಅಂದರೆ ಒಣಮೆಣಸಿನಕಾಯಿ ಮಸಾಲೆಯಲ್ಲಿ ನಿಧಾನಕ್ಕೆ ಬೇಯಿಸಿದ ಮಾಂಸದ ಗಟ್ಟಿ ಸಾರು.

ದನದ ಭುಜದ ಮಾಂಸ, ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಈರುಳ್ಳಿ. ಮುಖ್ಯವಾಗಿ ಇಷ್ಟೇ. ಬೀನ್ಸ್ ಹಾಕಿದರೆ ಅದು ಚಿಲಿಯೇ ಅಲ್ಲ ಅನ್ನೋದು ಇಲ್ಲಿನ ಹಳಬರ ಹಟ. 1977ರಿಂದ ಇದು ಟೆಕ್ಸಸ್ ರಾಜ್ಯದ ಅಧಿಕೃತ ಖಾದ್ಯ. ಹಟ ಇರಬೇಕಾದ್ದೇ ಅಲ್ವಾ?

ಮೊದಲು ಮೆಣಸಿನಕಾಯಿಯ ಕೆಲಸ. ಮೂರು ಬಗೆಯ ಮೆಕ್ಸಿಕನ್ ಒಣಮೆಣಸಿನಕಾಯಿ: ಸಿಹಿ ಕಡೆಗೆ ವಾಲುವ ಆಂಚೊ, ಕೆಂಪಗಿನ ಗ್ವಾಹೀಯೊ, ಜೊತೆಗೆ ಚಿಪೋಟ್ಲೆ. ಚಿಪೋಟ್ಲೆ ಅಂದರೆ ಹಣ್ಣಾದ ಹಲಪೀನ್ಯೊ ಮೆಣಸಿನಕಾಯಿಯನ್ನು ಹೊಗೆಯಲ್ಲೇ ಒಣಗಿಸಿದ್ದು. ನಾನು ಮನೆಯಿಂದ ಒಂದು ಹಿಡಿ ಬ್ಯಾಡಗಿ ಒಯ್ದಿದ್ದೆ. ಖಾರ ಕಡಿಮೆ, ಬಣ್ಣ ಜಾಸ್ತಿ. ಈ ಅಡುಗೆಗೆ ಬೇಕಾದದ್ದೂ ಅದೇ. ಎಲ್ಲವನ್ನೂ ತುಸು ಹುರಿದು, ಬೀಜ ತೆಗೆದು, ಬಿಸಿನೀರಲ್ಲಿ ನೆನೆಸಿ ನುಣ್ಣಗೆ ರುಬ್ಬಿದೆವು.

ಕೆಂಡವನ್ನೆಲ್ಲ ಗ್ರಿಲ್ಲಿನ ಒಂದು ಬದಿಗೆ ಸರಿಸಿ, ಮೇಲೆ ಓಕ್ ಮರದ ತುಂಡು ಇಟ್ಟರು. ನಾನು ಮಾಂಸ ಇಡಲು ಹೋದರೆ ತಡೆದರು. ದಟ್ಟ ಬಿಳಿ ಹೊಗೆ ಕಹಿ ತರುತ್ತದಂತೆ. ಅದು ತೆಳುವಾಗಿ, ಕಂಡೂ ಕಾಣದ ನೀಲಿಗೆ ತಿರುಗುವವರೆಗೆ ಸುಮ್ನೆ ಕೂತೆವು. ನನಗೆ ಇಡೀ ಅಡುಗೆಯ ಗುಟ್ಟೇ ಈ ಕಾಯುವಿಕೆ ಅನ್ನಿಸಿತು. ಆಮೇಲೆ ದೊಡ್ಡ ತುಂಡುಗಳನ್ನು ಇನ್ನೊಂದು ಬದಿಗಿಟ್ಟು ಮುಚ್ಚಿದರು. ಒಳಗಿನ ಶಾಖ ಸುಮಾರು 110 ಡಿಗ್ರಿ ಸೆಲ್ಸಿಯಸ್. ಅದು ಏರದಂತೆ, ಇಳಿಯದಂತೆ ಮುಚ್ಚಳದ ಗಾಳಿಕಿಂಡಿಯನ್ನು ಅವರೇ ಹೊಂದಿಸುತ್ತಿದ್ದರು.

ಮಾಂಸದ ಮೈ ಕಪ್ಪುಗೆಂಪಾದ ಮೇಲೆ ಹೋಳು ಮಾಡಿ, ಅಗಲ ಬಾಯಿಯ ಎರಕದ ಕಬ್ಬಿಣದ ಪಾತ್ರೆಗೆ ಹಾಕಿ, ಮಸಾಲೆ, ನೀರು ಸೇರಿಸಿದೆವು. ಪಾತ್ರೆ ತೆರೆದೇ ಇರಬೇಕು, ಗ್ರಿಲ್ ಮಾತ್ರ ಮುಚ್ಚಿರಬೇಕು. ಹೊಗೆ ತಾಕುವುದು ಮೇಲಿನ ಪದರಕ್ಕಷ್ಟೇ. ಅದಕ್ಕೇ ಆಗಾಗ ಕೆಳಗಿನದನ್ನು ಮೇಲೆ ತರುತ್ತಾ ಕಲಕಬೇಕು. ಹೊಗೆ ಸಾಕು ಅನ್ನಿಸಿದಾಗ ಪಾತ್ರೆಗೂ ಮುಚ್ಚಳ ಹಾಕಿದರು. ಮಾಂಸ ಚಮಚ ತಾಕಿದರೆ ಬಿಡಿಬಿಡಿಯಾಗುವಷ್ಟು ಬೇಯುವ ಹೊತ್ತಿಗೆ ಸಂಜೆಯಾಗಿತ್ತು.

ಹೊಗೆಯ ರುಚಿ ಕೊಡಲು ಬಾಟಲಿಯಲ್ಲಿ ಸಿಗುವ ದ್ರವ ಹಾಕಿದ ಚಿಲಿ ತಿಂದಿದ್ದೇನೆ. ಅಲ್ಲಿ ಹೊಗೆ ಒಂದೇ ಸಲ ಮೂಗಿಗೆ ಬಡಿಯುತ್ತದೆ. ಇಲ್ಲಿ ಮೊದಲು ಮೆಣಸಿನಕಾಯಿ, ಆಮೇಲೆ ಮಾಂಸ, ನುಂಗಿದ ಮೇಲೆ ನಿಧಾನಕ್ಕೆ ಹೊಗೆ. ಅವರು ಮೆಕ್ಕೆಜೋಳದ ಬ್ರೆಡ್ ಜೊತೆ ತಿಂದರು, ನಾನು ಮನೆಯಿಂದ ಜೋಳದ ರೊಟ್ಟಿ ತರಿಸಿಕೊಂಡೆ. ಬಣ್ಣ ನೋಡಿ ಅವರಿಗೆ ಬಹಳ ಖುಷಿ. ಮುಂದಿನ ಸಲ ಗ್ವಾಹೀಯೊ ಬಿಟ್ಟು ಬ್ಯಾಡಗಿಯನ್ನೇ ಹಾಕೋಣ ಅಂದಿದ್ದಾರೆ.